150 ಎಂಎಂ ಲೆನ್ಸಿನಲ್ಲಿ ಮಾತ್ರ ಫೋಕಸ್ ಹಿಂದೆ ಬೀಳುತ್ತಿದ್ದರೆ

ಮಮಿಯಾ 7 ರೇಂಜ್‌ಫೈಂಡರ್ ಫಿಲ್ಮ್ ಕ್ಯಾಮೆರಾ; ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡಬೇಕು. ಅದರಲ್ಲಿ 80 ಎಂಎಂ ಲೆನ್ಸ್ ಚೂಪಾಗಿ ಬಂದು 150 ಎಂಎಂ ಮಾತ್ರ ಮಸುಕಾದರೆ ಲೆನ್ಸನ್ನೇ ದೂರಬೇಡಿ. 2 ಮೀಟರಿನಲ್ಲಿ 80 ಎಂಎಂ ಎಫ್/4ರ ಚೂಪಿನ ಆಳ (ಮುಂದೆ ಹಿಂದೆ ಚೂಪಾಗಿ ಕಾಣುವಷ್ಟು ದೂರ) ಸುಮಾರು 25 ಸೆಂ.ಮೀ.; 150 ಎಂಎಂ ಎಫ್/4.5ರದ್ದು ಬರೀ 8. ಅಲ್ಲಿ ಮುಚ್ಚಿಹೋದ ತಪ್ಪು ಇಲ್ಲಿ ಎದ್ದು ಕಾಣುತ್ತದೆ.

ಮೀಟರ್ ಸ್ಕೇಲನ್ನು 45 ಡಿಗ್ರಿ ಓರೆಯಾಗಿಟ್ಟು, ನಡುವೆ ಕಪ್ಪು ಗೆರೆ ಅಂಟಿಸಿ, ಅದಕ್ಕೇ ಫೋಕಸ್ ಮಾಡಿ, ಟ್ರೈಪಾಡ್ ಮೇಲಿಂದ ಪೂರ್ತಿ ತೆರೆದ ಅಪರ್ಚರಿನಲ್ಲಿ ತೆಗೆದೆ. ನೆಗೆಟಿವನ್ನು ಲೂಪಿನಲ್ಲಿ (ಭೂತಗನ್ನಡಿಯಲ್ಲಿ) ನೋಡಿದರೆ ಚೂಪು ಗೆರೆಗಿಂತ 10 ಸೆಂ.ಮೀ. ಆಚೆ, ಅಂದರೆ ಸ್ಕೇಲ್ ಓರೆಯಿರುವುದರಿಂದ ನಿಜವಾಗಿ 7 ಸೆಂ.ಮೀ. ಹಿಂದೆ.

ಮುಂದಿನ ಪರೀಕ್ಷೆಗೆ ತೀರಾ ದೂರದ ಗುರಿ ಬೇಕು; ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಗೋಪುರವೇ ಸಾಕು. ಊರೊಳಗಿಂದ, ಬೆಳಗಿನ ಹೊತ್ತೇ ನೋಡಿ; ಬಿಸಿಲೇರಿದರೆ ಗಾಳಿ ನಡುಗುತ್ತದೆ. ಲೆನ್ಸ್ ಇನ್‌ಫಿನಿಟಿಗೆ (ಅತಿ ದೂರದ ಫೋಕಸ್ ಗುರುತಿಗೆ) ತಾಗಿದ್ದರೂ ಕಿಂಡಿಯಲ್ಲಿ ಗೋಪುರದ ಅಂಚು ಕೂದಲೆಳೆಯಷ್ಟು ಎರಡಾಗಿತ್ತು. 80 ಎಂಎಂ ಹಾಕಿದರೂ ಅಷ್ಟೇ. ಹಾಗಾಗಿ ದೋಷ ಬಾಡಿಯ ರೇಂಜ್‌ಫೈಂಡರಿನದು. ಪೆಟ್ಟು, ಪ್ರಯಾಣದ ಕುಲುಕಾಟಕ್ಕೆ ಹೀಗಾಗುತ್ತದೆ. ಇನ್‌ಫಿನಿಟಿ ಸರಿಯಿದ್ದು ಹತ್ತಿರದಲ್ಲಷ್ಟೇ ತಪ್ಪಿದ್ದರೆ ಮಾತ್ರ ಲೆನ್ಸಿನ ಕ್ಯಾಮ್ (ಫೋಕಸನ್ನು ರೇಂಜ್‌ಫೈಂಡರಿಗೆ ತಿಳಿಸುವ ಭಾಗ) ಮೇಲೆ ಅನುಮಾನ. ಆಗ ಬಾಡಿಯ ಸ್ಕ್ರೂ ಮುಟ್ಟಲೇಬಾರದು.

ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರಿನಿಂದ ಇನ್‌ಫಿನಿಟಿ ಸ್ಕ್ರೂವನ್ನು ತೀರಾ ಸ್ವಲ್ಪ ತಿರುಗಿಸಿ, ಅಂಚು ಒಂದಾದ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿದೆ. ಹಳೆಯ ಸೀಲ್ ಬಿಡಿಸಲು ಅಸಿಟೋನ್ ಸುರಿಯಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಆಮೇಲೆ ಸ್ಕೇಲ್ ಪರೀಕ್ಷೆ ಮತ್ತೆ ಮಾಡಲೇಬೇಕು.

ಇಷ್ಟಾದರೂ ರೇಂಜ್‌ಫೈಂಡರಿನ ನಿಖರತೆಗೆ ಮಿತಿಯಿದೆ: ಬೇಸ್ (ಅದರ ಎರಡು ಕಿಂಡಿಗಳ ನಡುವಿನ ದೂರ) 60 ಮಿ.ಮೀ., ಫೈಂಡರ್ ತೋರಿಸುವ ಗಾತ್ರ 0.57 ಪಟ್ಟು, ಎರಡನ್ನೂ ಗುಣಿಸಿದರೆ ಸಿಗುವುದು 34 ಮಿ.ಮೀ. ಅಷ್ಟೇ. ಹತ್ತಿರದ ಮುಖಚಿತ್ರಕ್ಕೆ ನಾನು ಅಪರ್ಚರನ್ನು ಎಫ್/8ಕ್ಕಿಂತ ಹೆಚ್ಚು ತೆರೆಯುವುದಿಲ್ಲ.