ಮೈಸೆಲ್ಫ್ ಮಂಜುನಾಥ್: ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ನನ್ನ ಅನುಭವ

ದಾವಣಗೆರೆಯಲ್ಲಿ ನಮ್ಮ ಮನೆಯ ಮಹಡಿ ಮೇಲೆ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಡಿಪ್ಲೊಮಾ ಮುಗಿಸಿ ಇಂಟರ್‌ವ್ಯೂಗೆ ಅಲೆಯುತ್ತಿರುವ ಹುಡುಗರು, ನರ್ಸಿಂಗ್ ಓದಿದ ಹುಡುಗಿಯರು, ಬ್ಯಾಂಕ್ ಪರೀಕ್ಷೆಗೆ ಕೂತವರು, ಒಬ್ಬಿಬ್ಬರು ಬಟ್ಟೆ ಅಂಗಡಿಯವರು ಬರುತ್ತಾರೆ. ಹೆಚ್ಚಿನವರು ಕನ್ನಡ ಮೀಡಿಯಂ. ಐ, ಮಿ, ಮೈ, ಮೈನ್, ಮೈಸೆಲ್ಫ್ ಅನ್ನುವ ಪಟ್ಟಿ ಇವರಿಗೆಲ್ಲ ಬಾಯಿಪಾಠ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ಆದರೆ ಎದ್ದು ನಿಂತು ಪರಿಚಯ ಹೇಳು ಅಂದರೆ ಮೊದಲ ವಾಕ್ಯವೇ "ಗುಡ್ ಈವ್ನಿಂಗ್ ಸರ್, ಮೈಸೆಲ್ಫ್ ಮಂಜುನಾಥ್".

ಹಾಗಾಗಿ ನಾನು ಪಟ್ಟಿಯ ತಂಟೆಗೇ ಹೋಗುವುದಿಲ್ಲ. ತಪ್ಪು ಕಿವಿಗೆ ಬಿದ್ದಾಗ ಮೊದಲು ಕೇಳುವುದು ಒಂದೇ: ಇದನ್ನ ಕನ್ನಡದಲ್ಲಿ ಹೇಗೆ ಹೇಳ್ತೀಯಾ? ಅವರು ಹೇಳಿದ ಕನ್ನಡ ವಾಕ್ಯವನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಬಹಳ ಸಲ ತಪ್ಪಿನ ಬೇರು ಅಲ್ಲೇ ಕಾಣುತ್ತದೆ.

ಮೈಸೆಲ್ಫ್ ವಿಷಯವನ್ನೇ ನೋಡಿ. ಕನ್ನಡದಲ್ಲಿ "ನಾನು ಮಂಜುನಾಥ" ಅಂದರೆ ಮುಗಿಯಿತು, ಕ್ರಿಯಾಪದವೇ ಬೇಡ. ಅದನ್ನೇ ಇಂಗ್ಲಿಷಿಗೆ ಇಳಿಸಿದರೆ "ಐ ಮಂಜುನಾಥ್" ಆಗುತ್ತದೆ. ಅದು ತಪ್ಪು ಅಂತ ಹುಡುಗನಿಗೂ ಗೊತ್ತು, ಕಿವಿಗೇ ಒಗ್ಗುವುದಿಲ್ಲ. "ಮಿ ಮಂಜುನಾಥ್" ಅಂದರೆ ಟಾರ್ಜನ್ ಮಾತಾಡಿದ ಹಾಗೆ. ಉಳಿದದ್ದು ಮೈಸೆಲ್ಫ್, ಅದು ಉದ್ದವಾಗಿದೆ, ಸ್ವಲ್ಪ ಮರ್ಯಾದೆಯಾಗಿಯೂ ಕೇಳುತ್ತದೆ, ಸರಿ ಅದನ್ನೇ ಹಾಕುತ್ತಾನೆ. ಅಂದರೆ ಇಲ್ಲಿ ತಪ್ಪಿದ್ದು ಮೈಸೆಲ್ಫ್ ಅಲ್ಲವೇ ಅಲ್ಲ, ಬಿಟ್ಟುಹೋದ "ಆ್ಯಮ್". ಅದಕ್ಕೇ ನಾನು ಮೈಸೆಲ್ಫ್ ಅನ್ನಬೇಡ ಅಂತ ಹೇಳಲು ಹೋಗುವುದಿಲ್ಲ. "ಐ ಆ್ಯಮ್ ಮಂಜುನಾಥ್, ಐ ಆ್ಯಮ್ ಫ್ರಮ್ ಹರಿಹರ, ಐ ಆ್ಯಮ್ ಎ ಡಿಪ್ಲೊಮಾ ಹೋಲ್ಡರ್" ಅಂತ ಆ್ಯಮ್ ಇರುವ ವಾಕ್ಯಗಳನ್ನೇ ಒಂದಾದ ಮೇಲೊಂದು ಹೇಳಿಸುತ್ತೇನೆ. ಆ್ಯಮ್ ನಾಲಿಗೆಗೆ ಕೂತರೆ ಮೈಸೆಲ್ಫ್ ತಾನಾಗಿಯೇ ಉದುರಿಹೋಗುತ್ತದೆ.

ಮೈಸೆಲ್ಫ್‌ನ ಇನ್ನೊಂದು ಬೇರು ಭಯ. "ಮಿ" ಕಂಡರೆ ಭಯ. ಶಾಲೆಯಲ್ಲಿ "ಮಿ ಆ್ಯಂಡ್ ಮೈ ಫ್ರೆಂಡ್ ವೆಂಟ್" ಅಂದಾಗೆಲ್ಲ ಬೈಸಿಕೊಂಡು ಮಿ ಅಂದರೇನೇ ತಪ್ಪು ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಆಮೇಲೆ ಕೆಲಸಕ್ಕೆ ಸೇರಿ ಮೇಲ್ ಬರೆಯುವಾಗ "ಪ್ಲೀಸ್ ಕಾಂಟ್ಯಾಕ್ಟ್ ಮೈಸೆಲ್ಫ್ ಆರ್ ರವಿ", "ರವಿ ಆ್ಯಂಡ್ ಮೈಸೆಲ್ಫ್ ವಿಲ್ ಅಟೆಂಡ್" ಅಂತ ಬರೆಯುತ್ತಾರೆ. ಇಲ್ಲಿ ನಾನು ಮಾಡಿಸುವುದು ಸುಲಭದ ಪರೀಕ್ಷೆ. ರವಿಯ ಹೆಸರನ್ನು ಕೈಯಿಂದ ಮುಚ್ಚು, ಉಳಿದದ್ದನ್ನು ಓದು. "ಪ್ಲೀಸ್ ಕಾಂಟ್ಯಾಕ್ಟ್ ಮೈಸೆಲ್ಫ್" ಅಂತೀಯಾ? ಇಲ್ಲ ಸರ್, ಕಾಂಟ್ಯಾಕ್ಟ್ ಮಿ. ಹಾಗಾದರೆ ರವಿ ಬಂದ ಮೇಲೂ ಮಿ. "ಮೈಸೆಲ್ಫ್ ವಿಲ್ ಅಟೆಂಡ್" ಅಂತೀಯಾ? ಇಲ್ಲ, ಐ ವಿಲ್. ಹಾಗಾದರೆ "ರವಿ ಆ್ಯಂಡ್ ಐ".

ಈ ಪರೀಕ್ಷೆ ಕೈಕೊಡುವುದು "ಬಿಟ್ವೀನ್" ಬಂದಾಗ. "ಬಿಟ್ವೀನ್ ಯು ಆ್ಯಂಡ್ ಐ" ಅನ್ನುವುದರಲ್ಲಿ ಯು ಮುಚ್ಚಿದರೆ "ಬಿಟ್ವೀನ್ ಐ" ಉಳಿಯುತ್ತದೆ, ಅದಕ್ಕೆ ಅರ್ಥವೇ ಇಲ್ಲ, ಮಿ ಹಾಕಿದರೂ ಇಲ್ಲ. ಆಗ ಇಬ್ಬರನ್ನೂ ಸೇರಿಸಿ ಒಂದೇ ಪದ ಹಾಕಿಸುತ್ತೇನೆ: "ಬಿಟ್ವೀನ್ ವಿ" ಅಂತೀಯೋ "ಬಿಟ್ವೀನ್ ಅಸ್" ಅಂತೀಯೋ? ಅಸ್ ಅಂತಾರೆ. ಅಸ್ ಬರುವ ಜಾಗದಲ್ಲಿ ಮಿ ಬರುತ್ತದೆ, ಅಷ್ಟೇ. ಒಬ್ಬ ಹುಡುಗ ಮೊಬೈಲಿನಲ್ಲಿ ಹುಡುಕಿ, ಶೇಕ್ಸ್‌ಪಿಯರ್ ಮರ್ಚೆಂಟ್ ಆಫ್ ವೆನಿಸ್‌ನಲ್ಲಿ "ಬಿಟ್ವೀನ್ ಯು ಆ್ಯಂಡ್ ಐ" ಅಂತಲೇ ಬರೆದಿದ್ದಾನಲ್ಲ ಸರ್ ಅಂತ ತೋರಿಸಿದ. ನಿಜ, ಆಂಟೋನಿಯೋ ಬರೆಯುವ ಪತ್ರದಲ್ಲಿ ಹಾಗೇ ಇದೆ. ಶೇಕ್ಸ್‌ಪಿಯರ್‌ಗೆ ಯಾರೂ ಇಂಟರ್‌ವ್ಯೂ ಮಾಡಲಿಲ್ಲ, ನಿನಗೆ ಮಾಡುತ್ತಾರೆ ಅಂದೆ. ಇಂಗ್ಲೆಂಡಿನವರೂ ಅಮೆರಿಕದವರೂ ಇವತ್ತಿಗೂ ಈ ತಪ್ಪು ಮಾಡುತ್ತಾರೆ ಅನ್ನುವುದು ನಮ್ಮ ಹುಡುಗರಿಗೆ ಒಂದು ಸಮಾಧಾನ.

ನನಗೆ ಜಾಸ್ತಿ ಸಮಯ ಹಿಡಿಯುವುದು ನಮ್ಮ "ಕೊಳ್ಳು". ಕನ್ನಡದಲ್ಲಿ ಮಾಡುವ ಕೆಲಸ ತನ್ನ ಕಡೆಗೇ ತಿರುಗಿದರೆ ನಾವು ಅದನ್ನು ಕ್ರಿಯಾಪದದಲ್ಲೇ ತೋರಿಸುತ್ತೇವೆ. ನೋಡಿಕೊಂಡ, ಹೊಡೆದುಕೊಂಡ, ಬೈದುಕೊಂಡ. ಇಂಗ್ಲಿಷ್‌ನಲ್ಲಿ ಆ ಕೆಲಸವನ್ನು ಕೆಲವು ಕಡೆ ಸೆಲ್ಫ್ ಮಾಡುತ್ತದೆ, ಕೆಲವು ಕಡೆ ಮೈ, ಹಿಸ್, ಹರ್ ಮಾಡುತ್ತವೆ, ಇನ್ನು ಕೆಲವು ಕಡೆ ಏನೂ ಬೇಡ. ತೊಂದರೆ ಇರುವುದೇ ಇಲ್ಲಿ. ಕೊಳ್ಳು ಇದ್ದಲ್ಲೆಲ್ಲ ಸೆಲ್ಫ್ ಹಾಕಿದರೆ "ಐ ಸ್ಯಾಟ್ ಮೈಸೆಲ್ಫ್" ಆಗುತ್ತದೆ, ಎಲ್ಲೂ ಹಾಕದಿದ್ದರೆ "ಹಿ ಲುಕ್ಡ್ ಇನ್ ಮಿರರ್ ಆ್ಯಂಡ್ ಸ್ಕೋಲ್ಡೆಡ್" ಅಂತಾಗಿ, ಯಾರನ್ನು ಬೈದ ಅಂತ ಕೇಳುವವರು ಕಾಯುತ್ತಾ ಕೂರುತ್ತಾರೆ.

ಅದಕ್ಕೆ ಮಕ್ಕಳ ನೋಟ್‌ಬುಕ್ಕಿನ ಒಂದು ಪುಟವನ್ನು ಕೊಳ್ಳುಗೆ ಅಂತಲೇ ಬಿಡಿಸಿದ್ದೇನೆ. ಬೆಳಗ್ಗೆ ಎದ್ದಾಗಿನಿಂದ ಮಾಡುವ ಕೆಲಸಗಳಲ್ಲಿ ಕೊಳ್ಳು ಬರುವುದನ್ನೆಲ್ಲ ಕನ್ನಡದಲ್ಲೇ ಬರೆಯಬೇಕು, ಪಕ್ಕದಲ್ಲಿ ಇಂಗ್ಲಿಷ್. ಮುಖ ತೊಳೆದುಕೊಂಡೆ ಅಂದರೆ "ಐ ವಾಶ್ಡ್ ಮೈ ಫೇಸ್". ಇಲ್ಲಿ ಕನ್ನಡದಲ್ಲಿ ನನ್ನ ಅನ್ನುವ ಪದವೇ ಇಲ್ಲ, ಇಂಗ್ಲಿಷ್‌ಗೆ ಮೈ ಬೇಕೇ ಬೇಕು. ಗಡ್ಡ ಮಾಡಿಕೊಂಡೆ ಅಂದರೆ ಬರೀ "ಐ ಶೇವ್ಡ್". ಬಟ್ಟೆ ಹಾಕಿಕೊಂಡೆ ಅಂದರೆ "ಐ ಗಾಟ್ ಡ್ರೆಸ್ಡ್". ಕೂತುಕೊಂಡೆ, ಮಲಗಿಕೊಂಡೆ, ನೆನಪಿಟ್ಟುಕೊಂಡೆ, ಒಪ್ಪಿಕೊಂಡೆ, ಇವಕ್ಕೆಲ್ಲ ಸೆಲ್ಫ್ ಬೇಡ. ತರಕಾರಿ ಹೆಚ್ಚುವಾಗ ಕುಯ್ದುಕೊಂಡೆ ಅಂದರೆ "ಐ ಕಟ್ ಮೈಸೆಲ್ಫ್", ಬೆರಳು ಕುಯ್ದುಕೊಂಡೆ ಅಂದರೆ "ಐ ಕಟ್ ಮೈ ಫಿಂಗರ್". ಪುಟ ತುಂಬುವಷ್ಟರಲ್ಲಿ ಅವರಿಗೇ ಒಂದು ಅಂದಾಜು ಸಿಗುತ್ತದೆ: ನಿತ್ಯ ನಾವೇ ಮಾಡಿಕೊಳ್ಳುವ ಕೆಲಸಕ್ಕೆ ಇಂಗ್ಲಿಷ್ ಸುಮ್ನೆ ಇರುತ್ತದೆ, ಬೇರೆಯವರಿಗೆ ಮಾಡಬಹುದಾದ್ದನ್ನು ನಮಗೇ ಮಾಡಿಕೊಂಡಾಗ ಸೆಲ್ಫ್ ಕೇಳುತ್ತದೆ. ಇದು ನಿಯಮ ಅಲ್ಲ, ಕೈಗೋಲು. "ಐ ಫೀಲ್ ಮೈಸೆಲ್ಫ್ ಹ್ಯಾಪಿ", "ಕಾನ್ಸಂಟ್ರೇಟ್ ಯುವರ್‌ಸೆಲ್ಫ್" ಇವೆಲ್ಲ ಆ ಪುಟ ಬರೆದ ಮೇಲೆ ತುಂಬ ಕಡಿಮೆಯಾಗುತ್ತವೆ.

ಇದಕ್ಕೆ ಉಲ್ಟಾ ಆಗುವ ತಪ್ಪು ಎಂಜಾಯ್. ಟೂರಿಗೆ ಹೋಗಿ ಮಜಾ ಮಾಡಿದೆವು ಅನ್ನುವುದರಲ್ಲಿ ಕೊಳ್ಳು ಇಲ್ಲ, ಹಾಗಾಗಿ "ವಿ ಎಂಜಾಯ್ಡ್ ಎ ಲಾಟ್". ಇಂಗ್ಲಿಷ್‌ನಲ್ಲಿ ಎಂಜಾಯ್ ಮುಂದೆ ಏನಾದರೂ ಬೇಕು: ಒಂದೋ ಟ್ರಿಪ್, ಇಲ್ಲವೇ ಅವರ್‌ಸೆಲ್ವ್ಸ್. ಹೀಗೆ ಸೆಲ್ಫ್ ಬಿಡದ ಇನ್ನೆರಡು ಪದ ಅಬ್ಸೆಂಟ್ ಮತ್ತು ಅವೇಲ್. ಸರ್ಕಾರಿ ಮೆಮೋಗಳಲ್ಲಿ "ಹಿ ಹ್ಯಾಸ್ ಅಬ್ಸೆಂಟೆಡ್ ಹಿಮ್‌ಸೆಲ್ಫ್ ಫ್ರಮ್ ಡ್ಯೂಟಿ" ಅಂತ ಸರಿಯಾಗಿಯೇ ಬರುತ್ತದೆ. ಅದೇ ಕಚೇರಿಯ ರಜೆ ಅರ್ಜಿಯಲ್ಲಿ "ಅವೇಲ್ ಲೀವ್" ಅಂತಿರುತ್ತದೆ. ವ್ಯಾಕರಣದ ಪ್ರಕಾರ "ಅವೇಲ್ ಮೈಸೆಲ್ಫ್ ಆಫ್" ಆಗಬೇಕು. ಪರೀಕ್ಷೆಯಲ್ಲಿ ಕೇಳಿದರೆ ಉದ್ದದ್ದು ಬರಿ, ರಜೆ ಬೇಕಾದರೆ ಎಲ್ಲರೂ ಬರೆಯುವುದನ್ನೇ ಬರಿ ಅಂತ ಹೇಳಿಕೊಡುತ್ತೇನೆ. ಅರ್ಜಿ ನೋಡುವ ಸಾಹೇಬರಿಗೂ ಅದೇ ಅಭ್ಯಾಸ, ಅಲ್ವಾ?

ನಮ್ಮ "ಏ" ಕೂಡ ಇಲ್ಲಿ ಆಟ ಆಡುತ್ತದೆ. "ನಾನೇ ಮಾಡಿದೆ ಸರ್" ಅನ್ನುವುದು ಬಾಯಲ್ಲಿ "ಐ ಓನ್ಲಿ ಡಿಡ್ ಸರ್" ಆಗುತ್ತದೆ. ಹೊರಗಿನವರಿಗೆ ಇದು ಏನೋ ಸ್ವಲ್ಪವೇ ಮಾಡಿದೆ ಅಂದ ಹಾಗೆ ಕೇಳಬಹುದು. ಇಲ್ಲಿ ಮೈಸೆಲ್ಫ್ ನಿಜಕ್ಕೂ ಬೇಕು: "ಐ ಡಿಡ್ ಇಟ್ ಮೈಸೆಲ್ಫ್". ಪಾಪ, ಬೇಡವಾದಲ್ಲೆಲ್ಲ ಹಾಕಿ ಬೇಕಾದಲ್ಲಿ ಬಿಡುತ್ತಾರೆ. ಜೊತೆಗೆ ಆ "ಇಟ್" ನೋಡಿ. ಫೈಲ್ ಕಳಿಸಿದ್ಯಾ ಅಂದರೆ ಕನ್ನಡದಲ್ಲಿ ಕಳಿಸಿದೆ ಅಂದರೆ ಸಾಕು, ಅದನ್ನು ಅನ್ನಬೇಕಿಲ್ಲ. ಅದಕ್ಕೇ "ಎಸ್ ಸರ್, ಐ ಸೆಂಟ್" ಅಂತ ನಿಲ್ಲಿಸಿಬಿಡುತ್ತಾರೆ. "ಐ ಸೆಂಟ್ ಇಟ್" ಅನ್ನುವುದು ಅಭ್ಯಾಸವಾಗಲು ಬೇರೆ ಉಪಾಯ ಇಲ್ಲ, ಕ್ಲಾಸಿನಲ್ಲಿ ದಿನವೂ ಕೊಟ್ಯಾ, ತಂದ್ಯಾ, ಓದಿದ್ಯಾ ಅಂತ ಕೇಳುತ್ತಲೇ ಇರಬೇಕು.

ನರ್ಸಿಂಗ್ ಹುಡುಗಿಯರ ಜೊತೆ ಕೂತು ಡ್ಯೂಟಿ ಬದಲಾಗುವಾಗ ಬರೆಯುವ ಹ್ಯಾಂಡೋವರ್ ನೋಟ್‌ಗಳನ್ನು ಅಭ್ಯಾಸ ಮಾಡಿಸುತ್ತೇನೆ. ಒಂದು ನೋಟ್ ಹೀಗಿತ್ತು: "ಪೇಷಂಟ್ ಡ್ರೆಸ್ಸಿಂಗ್ ರಿಮೂವ್ಡ್ ಬೈ ಓನ್". ಕನ್ನಡದಲ್ಲಿ ಹೇಳಮ್ಮ ಅಂದೆ. "ಪೇಷಂಟ್ ಡ್ರೆಸ್ಸಿಂಗ್ ತಾನಾಗಿಯೇ ಬಿಚ್ಚಿಕೊಂಡಿದೆ" ಅಂತ ಒಬ್ಬಳು, ಇಲ್ಲ "ಪೇಷಂಟ್ ತಾವೇ ಬಿಚ್ಚಿಕೊಂಡಿದ್ದಾರೆ" ಅಂತ ಬರೆದವಳು. ನೋಡಿ, ಎರಡೂ ಬೇರೆ ಬೇರೆ ಸಂಗತಿ. ಮೊದಲನೆಯದು ಅಂಟು ಬಿಟ್ಟು ಕಳಚಿದ್ದು, "ದ ಡ್ರೆಸ್ಸಿಂಗ್ ಕೇಮ್ ಆಫ್ ಬೈ ಇಟ್‌ಸೆಲ್ಫ್". ಎರಡನೆಯದು ರೋಗಿ ಕಿತ್ತು ಹಾಕಿದ್ದು, "ದ ಪೇಷಂಟ್ ರಿಮೂವ್ಡ್ ದ ಡ್ರೆಸ್ಸಿಂಗ್ ಹಿಮ್‌ಸೆಲ್ಫ್". ಮುಂದಿನ ಡ್ಯೂಟಿಯ ನರ್ಸ್ ಮೊದಲನೆಯದಾದರೆ ಹೊಸದು ಕಟ್ಟಿ ಸುಮ್ಮನಾಗುತ್ತಾಳೆ, ಎರಡನೆಯದಾದರೆ ರೋಗಿಯ ಮೇಲೆ ಕಣ್ಣಿಡಬೇಕು. ಆ ಬೈ ಓನ್ ನೋಡಿದರೆ ಅವಳಿಗೆ ಎರಡೂ ಗೊತ್ತಾಗುವುದಿಲ್ಲ. ಓನ್ ಬೇಕೇ ಬೇಕು ಅಂದರೆ "ಆನ್ ಹಿಸ್ ಓನ್", ಹಿಸ್ ಬಿಡುವ ಹಾಗಿಲ್ಲ.

ಎಲ್ಲರೂ ಬರೆದುಕೊಂಡರು. ಆಮೇಲೆ ನೋಟ್ ಬರೆದವಳು ಮೆಲ್ಲಗೆ, ಸರ್ ಆ ಪೇಷಂಟ್ ಹೆಂಗಸು ಅಂದಳು. ಹಾಗಾದರೆ ಹರ್‌ಸೆಲ್ಫ್! ಕನ್ನಡದ ತಾನು, ತನ್ನ, ತಾವು ಇವಕ್ಕೆ ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಅದರಿಂದಲೇ "ಗೀತಾ ಕೇಮ್ ವಿತ್ ಹಿಸ್ ಹಸ್ಬೆಂಡ್" ಬರುವುದು. ಗಂಡ ಗಂಡಸು ತಾನೇ, ಹಿಸ್ ಹಾಕಿದೆ ಅಂತಾರೆ. ಹಿಸ್, ಹರ್ ನೋಡುವುದು ಮುಂದಿರುವವರನ್ನಲ್ಲ, ಯಾರ ಗಂಡ ಅನ್ನುವುದನ್ನು.

ತನ್ನ ಅನ್ನುವ ಪದದಿಂದ ನಮಗೆ ಇರುವ ಒಂದು ಸೌಲಭ್ಯ ಇಂಗ್ಲಿಷ್‌ಗೆ ಇಲ್ಲ. "ರವಿ ರಾಜುಗೆ ತನ್ನ ಬೈಕ್ ಕೊಟ್ಟ" ಅಂದರೆ ಬೈಕ್ ರವಿಯದು, ಅನುಮಾನವೇ ಬೇಡ. "ಅವನ ಬೈಕ್" ಅಂದರೆ ರಾಜುವಿನದೋ ಮತ್ತೊಬ್ಬನದೋ. "ರವಿ ಗೇವ್ ರಾಜು ಹಿಸ್ ಬೈಕ್" ಅಂದರೆ ಎರಡೂ ಆಗಬಹುದು. "ದ ಮ್ಯಾನೇಜರ್ ಟೋಲ್ಡ್ ದ ಎಂಜಿನಿಯರ್ ದಟ್ ಹಿಸ್ ರಿಪೋರ್ಟ್ ವಾಸ್ ಲೇಟ್" ಅಂತ ಮೇಲ್ ಬಂದರೆ ತಡ ಮಾಡಿದ್ದು ಯಾರು? ಬರೆದವನ ತಲೆಯಲ್ಲಿ ಅದು "ತನ್ನ" ಅಂತ ಸ್ಪಷ್ಟವಾಗಿ ಇರುತ್ತದೆ, ಅದಕ್ಕೇ ಅವನಿಗೆ ತೊಡಕು ಕಾಣುವುದಿಲ್ಲ. ಇಲ್ಲಿ ನನ್ನ ಸಲಹೆ ನಾಜೂಕಿನದಲ್ಲ. ಹೆಸರನ್ನು ಇನ್ನೊಂದು ಸಲ ಬರಿ, ಇಲ್ಲವೇ ಹಿಸ್ ಮುಂದೆ ಓನ್ ಹಾಕು. ಚೆಂದ ಕೆಡುತ್ತದೆ ಅಂತ ಕೆಲವರು ಗೊಣಗುತ್ತಾರೆ. ಕೆಡಲಿ ಬಿಡಿ.

ಹಿಸ್‌ಸೆಲ್ಫ್, ದೇರ್‌ಸೆಲ್ವ್ಸ್ ಅನ್ನುವವರು ಪಾಪ ಮೈಸೆಲ್ಫ್, ಯುವರ್‌ಸೆಲ್ಫ್ ನೋಡಿ ಲೆಕ್ಕ ಹಾಕಿದವರು. ಲೆಕ್ಕ ಸರಿಯಾಗಿಯೇ ಇದೆ, ಭಾಷೆ ಲೆಕ್ಕ ತಪ್ಪಿದೆ. ಹಿಮ್‌ಸೆಲ್ಫ್, ದೆಮ್‌ಸೆಲ್ವ್ಸ್ ಅಂತ ಬಾಯಿಪಾಠ ಮಾಡಿಸಿ ಮುಂದೆ ಹೋಗುತ್ತೇನೆ. "ದೆ ಫಾಟ್ ದೆಮ್‌ಸೆಲ್ವ್ಸ್" ಅಂದಾಗ ಮಾತ್ರ ನಿಲ್ಲಿಸುತ್ತೇನೆ, ಯಾಕೆಂದರೆ ಒಬ್ಬರಿಗೊಬ್ಬರು ಅನ್ನುವಲ್ಲಿ "ಈಚ್ ಅದರ್" ಬೇಕು, ತಮ್ಮತಮ್ಮಲ್ಲೇ ಅನ್ನಲು "ಅಮಾಂಗ್ ದೆಮ್‌ಸೆಲ್ವ್ಸ್".

ಯುವರ್‌ಸೆಲ್ಫ್, ಯುವರ್‌ಸೆಲ್ವ್ಸ್ ಗೊಂದಲ ಮರ್ಯಾದೆಯಿಂದ ಬರುವುದು. ಹಿರಿಯರು ಒಬ್ಬರೇ ಇದ್ದರೂ ನಾವು ನೀವು ಅನ್ನುತ್ತೇವೆ, ಹಾಗಾಗಿ ಇಂಟರ್‌ವ್ಯೂನಲ್ಲಿ ಒಬ್ಬ ಸಾಹೇಬರಿಗೆ "ಯುವರ್‌ಸೆಲ್ವ್ಸ್" ಅಂತ ಬರುತ್ತದೆ. ಸ್ವಾರಸ್ಯ ಏನೆಂದರೆ ಇಂಗ್ಲಿಷ್‌ನ ಯು ಕೂಡ ಹಿಂದೆ ನಮ್ಮ ನೀವು ಇದ್ದ ಹಾಗೇ ಇತ್ತು, ಬಹುವಚನ ಮತ್ತು ಮರ್ಯಾದೆ. ನೀನು ಅನ್ನಲು ದೌ ಇತ್ತು, ಅದು ಬಳಕೆಯಿಂದ ಬಿದ್ದುಹೋಯಿತು. ಒಬ್ಬನಿಗೂ "ಯು ಆರ್" ಅನ್ನುವುದು ಅದರ ಗುರುತು. ಒಬ್ಬರೋ ಹಲವರೋ ಅನ್ನುವುದು ಈಗ ಕಾಣುವುದು ಈ ಸೆಲ್ಫ್, ಸೆಲ್ವ್ಸ್‌ನಲ್ಲಿ ಮಾತ್ರ. ಒಬ್ಬರೇ ಇದ್ದರೆ ಎಷ್ಟೇ ದೊಡ್ಡವರಾಗಲಿ ಯುವರ್‌ಸೆಲ್ಫ್.

ಅವರು ಅನ್ನುವುದರ ಕಥೆಯೂ ಹೀಗೇ. "ಮೈ ಫಾದರ್ ಈಸ್ ಎ ಫಾರ್ಮರ್, ದೆ ಆರ್ ಗ್ರೋಯಿಂಗ್ ಮೇಯ್ಜ್" ಅಂದರೆ ಎಷ್ಟು ಜನ ಅಪ್ಪಂದಿರು ಅಂತ ಇಂಗ್ಲಿಷಿನವನು ತಲೆ ಕೆರೆದುಕೊಳ್ಳುತ್ತಾನೆ. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ ದೆ ಅನ್ನುವುದು ಇಂಗ್ಲಿಷ್‌ನಲ್ಲಿ ಸರಿಯೇ, 2019ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು ಅದನ್ನೇ ವರ್ಷದ ಪದ ಅಂತ ಆರಿಸಿದರು. "ಯಾವ ಡಾಕ್ಟರ್ ಬರ್ತಾರೋ, ಅವರನ್ನೇ ಕೇಳಿ" ಅನ್ನುವಂಥ ವಾಕ್ಯದಲ್ಲಿ ನಮ್ಮ ಹುಡುಗಿಯರು ದೆಮ್ ಅಂತ ಸಲೀಸಾಗಿ ಹೇಳುತ್ತಾರೆ, ಬೇರೆ ಭಾಷೆಯವರಷ್ಟು ತಡವರಿಸುವುದಿಲ್ಲ. ಅಪ್ಪನಿಗೆ ಹಿ ಅನ್ನುವುದು ಮಾತ್ರ ಕೆಲವರಿಗೆ ಬಾಯಿಗೇ ಬರುವುದಿಲ್ಲ. ಅವನು ಅಂದ ಹಾಗಾಗುತ್ತದೆ ಸರ್ ಅಂತಾರೆ. ಅಂಥವರು "ಮೈ ಫಾದರ್, ಮೈ ಫಾದರ್" ಅಂತ ಪ್ರತಿ ವಾಕ್ಯದಲ್ಲೂ ಹೇಳಿ ಹಿ ಬರದ ಹಾಗೆ ದಾಟಿಸುತ್ತಾರೆ. ವ್ಯಾಕರಣದಲ್ಲಿ ಅದು ತಪ್ಪಲ್ಲ, ನಾನೂ ತಿದ್ದಲು ಹೋಗುವುದಿಲ್ಲ.