ಬೈಕ್ ಪೆಟ್ರೋಲ್ ಟ್ಯಾಂಕ್ ಡೆಂಟ್ ನಾನೇ ತೆಗೆದ ಅನುಭವ

ಗಾಡಿ ಪಕ್ಕಕ್ಕೆ ಉರುಳಿ ಹ್ಯಾಂಡಲ್ ಪೂರ್ತಿ ತಿರುಗಿ ಟ್ಯಾಂಕಿಗೆ ಗುದ್ದಿತ್ತು. ಹೆಬ್ಬೆರಳು ಕೂರೋವಷ್ಟು ಒಂದು ನೆಗ್ಗು, ಅದರ ಕೆಳಗೆ ಚೂಪಾಗಿ ಒಂದು ಗೆರೆ. ನೆಗ್ಗಿನ ಮೇಲೆ ಪೇಂಟ್ ಒಡೆದಿರ್ಲಿಲ್ಲ, ಗೆರೆ ಮೇಲೆ ಮಾತ್ರ ಬಿರುಕು. ಎಲ್ರೂ ಹೊಸ ಟ್ಯಾಂಕ್ ಹಾಕ್ಸು ಅಂದ್ರು, ನಂಗೆ ಮನಸ್ಸು ಬರ್ಲಿಲ್ಲ.

ಪೆಟ್ರೋಲ್ ಖಾಲಿ ಮಾಡಿ, ಟ್ಯಾಂಕ್ ಇಳಿಸಿ, ಕಾಕ್ (ಪೆಟ್ರೋಲ್ ಬಿಡೋ ನಲ್ಲಿ), ಪೆಟ್ರೋಲ್ ಮಟ್ಟ ಅಳೆಯೋ ಗೇಜ್ ಯುನಿಟ್ ಎಲ್ಲ ಬಿಚ್ಚಿದೆ. ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ, ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ, ಹೊತ್ಕೊಳ್ಳೋದು ಒಳಗಿರೋ ಆವಿ. ಬಿಸಿನೀರು ಸೋಪು ಹಾಕಿ ನಾಲ್ಕು ಸಲ ಕುಲುಕಿ ತೊಳೆದು, ಆಮೇಲೆ ನೀರು ತುಂಬಿಸಿಟ್ಟು ಗೆರೆ ಹತ್ರ ಒಸರುತ್ತಾ ನೋಡಿದೆ. ಒಸರಿದ್ರೆ ಅದು ಪುಟ್ಟಿ (ತಗ್ಗು ತುಂಬೋ ಪೇಸ್ಟ್) ಕೆಲಸ ಅಲ್ಲ. ಬಯಲಲ್ಲಿ ಎರಡು ದಿನ ಬಿಸಿಲಿಗೆ ಒಣಗಿಸಿದೆ.

ಗಾಳಿ ಪ್ರೆಶರ್ ಕೊಟ್ಟು ಒಳಗಿಂದ ಉಬ್ಬಿಸು ಅಂತ ಒಬ್ರು ಹೇಳಿದ್ರು, ಮಾಡ್ಲಿಲ್ಲ. ಡೆಂಟ್‌ಗಿಂತ ಮೊದಲು ಫ್ರೇಮ್ ಮೇಲೆ ಕೂರೋ ತಳದ ತಗಡೇ ಉಬ್ಬುತ್ತೆ, ಜಾಯಿಂಟ್ ಬಿಡೋ ಚಾನ್ಸೂ ಇದೆ. ಒಳಗಿಂದ ರಾಡ್ ಹಾಕೋಣ ಅಂದ್ರೆ ಆ ಜಾಗಕ್ಕೆ ಸಿಗ್ಲಿಲ್ಲ. ಉಳಿದಿದ್ದು ಅಂಟು ಹಚ್ಚಿ ಎಳೆಯೋ ದಾರಿ.

ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟು ಪೇಂಟ್ ಬೆಚ್ಚಗೆ ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಹಾಟ್ ಗ್ಲೂ ಹಚ್ಚಿದ ಟ್ಯಾಬ್ (ಹಿಡಿದು ಎಳೆಯೋಕೆ ಅಂಟಿಸೋ ಸಣ್ಣ ಬಿಲ್ಲೆ) ಕೂರಿಸಿ ಬ್ರಿಡ್ಜ್ ಪುಲ್ಲರಲ್ಲಿ (ನೆಗ್ಗಿನ ಎರಡೂ ಕಡೆ ಕಾಲೂರಿ ಟ್ಯಾಬ್ ಮೇಲಕ್ಕೆಳೆಯೋ ಸಾಧನ) ಎಳೆದೆ. ಐದಾರು ಸಲ ಎಳೆದ್ರೂ ಅಷ್ಟಕ್ಕಷ್ಟೇ, ಟ್ಯಾಬ್ ಕಿತ್ಕೊಂಡು ಬರ್ತಿತ್ತು ನೆಗ್ಗು ಅಲ್ಲೇ. ಟ್ಯೂಬ್‌ಲೈಟ್ ಬೆಳಕು ಟ್ಯಾಂಕಿನ ಮೇಲೆ ಬೀಳೋ ಹಾಗೆ ಓರೆಯಾಗಿ ಹಿಡಿದು ನೋಡಿದಾಗ ಗೊತ್ತಾಯ್ತು, ನೆಗ್ಗಿನ ಸುತ್ತ ಬಳೆ ಥರ ಉಬ್ಬು ಎದ್ದಿದೆ, ಅದೇ ನಡುವನ್ನ ಮೇಲೆ ಬರೋಕೆ ಬಿಡ್ತಿಲ್ಲ. ಆಮೇಲೆ ಪುಲ್ಲರ್ ಬಿಗಿಯಾಗಿ ಹಿಡಿದಿರೋವಾಗಲೇ ಆ ಬಳೆ ಸುತ್ತ ನೈಲಾನ್ ಕಡ್ಡಿ ಇಟ್ಟು ಸಣ್ಣ ಸುತ್ತಿಗೆಯಿಂದ ಮೆತ್ತಗೆ ತಟ್ಟಿದೆ. ತಟ್ಟು, ಬಿಗಿ ಮಾಡು, ಮತ್ತೆ ತಟ್ಟು. ನೆಗ್ಗು ಕಣ್ಣೆದುರೇ ಏಳೋಕೆ ಶುರುವಾಯ್ತು! ಸುಮಾರು ಇಪ್ಪತ್ತು ಸಲ ಎಳೆದಿರ್ಬೇಕು, ಪ್ರತಿ ಸಲ ಆಲ್ಕೋಹಾಲ್ ಹಾಕಿ ಅಂಟು ಬಿಡಿಸಿ ಟ್ಯಾಂಕ್ ಮೇಲೆ ಕಾಣೋ ಟ್ಯೂಬ್‌ಲೈಟ್ ಬೆಳಕಿನ ಗೆರೆ ನೆಟ್ಟಗಾಯ್ತಾ ನೋಡೋದು, ಜಾಸ್ತಿ ಎದ್ದ ಕಡೆ ತಟ್ಟಿ ಕೂರಿಸೋದು.

ಚೂಪು ಗೆರೆ ಮಾತ್ರ ಪೂರ್ತಿ ಬರ್ಲಿಲ್ಲ, ಅಲ್ಲಿ ತಗಡು ಹಿಗ್ಗಿಬಿಟ್ಟಿರುತ್ತೆ. ಅಷ್ಟು ಜಾಗ 80 ನಂಬರ್ ಸ್ಯಾಂಡ್ ಪೇಪರಲ್ಲಿ ತಗಡು ಕಾಣೋವರೆಗೆ ಉಜ್ಜಿ, ಶೇ. 2ರಷ್ಟು ಹಾರ್ಡನರ್ (ಗಟ್ಟಿಯಾಗಿಸೋ ಪದಾರ್ಥ) ಬೆರೆಸಿದ ಪುಟ್ಟಿ ತೆಳ್ಳಗೆ ಎಳೆದೆ. ಪುಟ್ಟಿ ನೀರು ಹೀರುತ್ತೆ, ಅದಕ್ಕೆ ಒಣಗೇ ಉಜ್ಜಿದೆ, 80, 180, 320. ಪ್ರೈಮರ್ ಹೊಡೆದ ಮೇಲಷ್ಟೇ ನೀರು ಹಾಕಿ 600. ಕೊನೆಗೆ ಬಣ್ಣ, ಅದರ ಮೇಲೆ 2ಕೆ ಕ್ಲಿಯರ್, ಅಂದ್ರೆ ಹಾರ್ಡನರ್ ಬೆರೆಸಿ ಹೊಡೆಯೋ ಬಣ್ಣವಿಲ್ಲದ ಹೊಳಪಿನ ಪದರ. ಸಾದಾ ಸ್ಪ್ರೇ ಕ್ಯಾನ್ ಕ್ಲಿಯರ್ ಮೇಲೆ ಪೆಟ್ರೋಲ್ ಚೆಲ್ಲಿದ್ರೆ ಮೆತ್ತಗಾಗಿ ಏಳುತ್ತೆ. ಆದ್ರೆ 2ಕೆ ಹಾರ್ಡನರಲ್ಲಿ ಉಸಿರಾಟಕ್ಕೆ ಅಪಾಯದ ಐಸೋಸಯನೇಟ್ ಇರುತ್ತೆ, ಬಟ್ಟೆ ಮಾಸ್ಕ್ ಸಾಲದು, ಸರಿಯಾದ ರೆಸ್ಪಿರೇಟರ್ ಹಾಕ್ಕೊಂಡೇ ಹೊಡೆದೆ. ಒಂದು ವಾರ ಹಾಗೇ ಬಿಟ್ಟು, ಕಾಕ್‌ಗೆ ಹೊಸ ವಾಷರ್ ಹಾಕಿ ಟ್ಯಾಂಕ್ ಕೂರಿಸಿದೆ.