ಅಲ್ಲೊಂದು ಗುಳ್ಳೆ ಎದ್ದಿದೆಯಾ? ಮೊದಲು ಕೈ ತೆಗೆಯಿರಿ

'ಉಷ್ಣ ಆಗಿರ್ಬೇಕು, ಮಜ್ಜಿಗೆ ಕುಡಿ.' ಯೋನಿಯ ಹತ್ತಿರ ಗುಳ್ಳೆ ಎದ್ದಿದೆ ಅಂದರೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಇದು. ಮಜ್ಜಿಗೆ ಕುಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಒಮ್ಮೆ ನೆನಪಿಸಿಕೊಳ್ಳಿ, ಮೂರ್ನಾಲ್ಕು ದಿನದ ಹಿಂದೆ ರೇಜರ್ ಹಿಡಿದಿದ್ದಿರಾ? ಬೋಳಿಸಿದ ಕೂದಲು ಕೆಲವೊಮ್ಮೆ ಹೊರಗೆ ಬರದೆ, ಬಾಗಿ ಚರ್ಮದೊಳಕ್ಕೇ ಬೆಳೆಯುತ್ತದೆ. ಸುತ್ತ ಕೆಂಪಾಗುತ್ತದೆ, ಮುಟ್ಟಿದರೆ ನೋವು. ಬಿಗಿ ಲೆಗ್ಗಿಂಗ್ಸ್, ಬೆವರು, ಪ್ಯಾಡಿನ ಉಜ್ಜಾಟದಿಂದಲೂ ಹೀಗಾಗುತ್ತದೆ.

ಮೊದಲು ಕೈ ತೊಳೆದು, ಒಂದು ಪುಟ್ಟ ಕನ್ನಡಿ ಹಿಡಿದು ನೋಡಿ. ಇದರಲ್ಲಿ ನಾಚಿಕೆಯೇನಿದೆ? ಕೂದಲಿರುವ ಜಾಗದಲ್ಲಿ ಸಣ್ಣ ಗುಳ್ಳೆಯಿದ್ದು, ನಡುವೆ ಕೂದಲು ಕಂಡರೆ ಗಾಬರಿ ಬೇಡ. ಯೋನಿಯ ಒಳತುಟಿಯ ಮೇಲೆ ಸಾಲಾಗಿ ನೋವಿಲ್ಲದ ಚಿಕ್ಕ ಹಳದಿ-ಬಿಳಿ ಚುಕ್ಕಿಗಳು ಮೊದಲಿನಿಂದಲೂ ಇದ್ದರೆ ಅವು ಸಾಮಾನ್ಯವಾಗಿ ಎಣ್ಣೆ ಗ್ರಂಥಿಗಳು, ಕಾಯಿಲೆಯಲ್ಲ.

ಆಮೇಲೆ ಬೆಚ್ಚಗಿನ ನೀರಿನ ಶಾಖ. ಮೆತ್ತನೆ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡಿ, 10 ನಿಮಿಷ ಇಡಿ. ದಿನಕ್ಕೆ ಮೂರು ಸಲ ಸಾಕು. ಅಗಲ ಬೇಸಿನ್‌ನಲ್ಲಿ ಬೆಚ್ಚಗಿನ ನೀರು ಹಾಕಿ ಕೂತರೂ ಆದೀತು. ಡೆಟಾಲ್ ಮಾತ್ರ ಹಾಕಬೇಡಿ. ಸಾಮಾನ್ಯವಾಗಿ ಸುಮಾರು ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ.

ಇನ್ನು ಕಷ್ಟದ ಕೆಲಸ: ಸುಮ್ನೆ ಬಿಡುವುದು. ಒತ್ತಿ ಕೀವು ತೆಗೆದರೆ ಸೋಂಕು ಒಳಕ್ಕೆ ಇಳಿಯುತ್ತದೆ. ಸೂಜಿ ಬೇಡ. ಕುರುವಿಗೆ ಸುಣ್ಣ ಹಚ್ಚುವ ರೂಢಿ ನಮ್ಮಲ್ಲಿದೆಯಲ್ವಾ, ಆ ತೆಳು ಚರ್ಮ ಅದಕ್ಕೆ ಸುಟ್ಟೇ ಹೋದೀತು. ಮೆಡಿಕಲ್ ಶಾಪಿನವರು ಕೊಡುವ 'ಎಲ್ಲದಕ್ಕೂ ಒಂದೇ' ಕ್ರೀಮ್‌ಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ, ಅದೂ ಬೇಡ. ಪರಿಮಳದ ಸೋಪು, ಪೌಡರ್, 'ಇಂಟಿಮೇಟ್ ವಾಶ್' ಎಲ್ಲ ದೂರ ಇಡಿ. ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ, ಹೊರಗೆ ಬರೀ ನೀರು ಸಾಕು. ಸಡಿಲ ಹತ್ತಿ ಒಳಉಡುಪು ಹಾಕಿ. ರಾತ್ರಿ ಅದೂ ಬೇಕಿಲ್ಲ.

ಯೋನಿಯ ಬಾಯಿಯ ಕೆಳಗೆ, ಒಂದು ಬದಿಯಲ್ಲಿ ಮಾತ್ರ ಗಂಟು ಸಿಕ್ಕಿದರೆ ಅದು ಬೇರೆ ಕಥೆ. ಅಲ್ಲಿ ಎರಡೂ ಕಡೆ ಬಟಾಣಿ ಗಾತ್ರದ ಬಾರ್ಥೊಲಿನ್ ಗ್ರಂಥಿಗಳಿವೆ. ಅದರ ನಾಳ ಕಟ್ಟಿಕೊಂಡರೆ ದ್ರವ ತುಂಬಿ ಊದುತ್ತದೆ. ನೋವಿಲ್ಲದ ಸಣ್ಣ ಗಂಟಿಗೆ ಬೆಚ್ಚಗಿನ ನೀರೇ ಸಾಕಾಗಬಹುದು. ವಯಸ್ಸು 40 ದಾಟಿದ್ದರೆ ಮಾತ್ರ ಕಾಯದೆ ತೋರಿಸಿ.

ಜ್ವರ ಬಂದರೆ, ನಡೆಯಲು ಕೂರಲು ಆಗದಷ್ಟು ನೋವಿದ್ದರೆ, ಕೆಂಪು ಹರಡುತ್ತಿದ್ದರೆ ಅವತ್ತೇ ಹೋಗಿ. ನೀರುಗುಳ್ಳೆಗಳು ಗುಂಪಾಗಿ ಎದ್ದು ಉರಿದರೆ ಅದು ಹರ್ಪಿಸ್ ಎಂಬ ವೈರಸ್ ಸೋಂಕು ಇರಬಹುದು. ಹೂಕೋಸಿನಂಥ ನರುಲಿಗಳು ಎಚ್‌ಪಿವಿ ವೈರಸ್‌ನಿಂದ ಬರುತ್ತವೆ. ಎರಡಕ್ಕೂ ವೈದ್ಯರೇ ಬೇಕು. ವಾಸಿಯಾಗದ ಹುಣ್ಣಿಗೂ ಅಷ್ಟೇ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಕಂಕುಳಲ್ಲೂ ತೊಡೆಸಂದಿಯಲ್ಲೂ ಪದೇ ಪದೇ ಕುರು ಏಳುತ್ತಿದ್ದರೆ ಚರ್ಮದ ವೈದ್ಯರಿಗೆ ಹೇಳಿ. ಲೇಡಿ ಡಾಕ್ಟರೇ ಬೇಕು ಅಂತ ಕೇಳಲು ಹಿಂಜರಿಯಬೇಡಿ.

ಗುಳ್ಳೆ ಪೂರ್ತಿ ವಾಸಿಯಾಗುವ ತನಕ ರೇಜರ್, ವ್ಯಾಕ್ಸ್ ಮುಟ್ಟಬೇಡಿ. ಆಮೇಲೂ ಬೋಳಿಸುವ ಬದಲು ಕತ್ತರಿಯಲ್ಲಿ ಮೊಟಕು ಮಾಡಿಕೊಳ್ಳುವುದೇ ಮೇಲು. ಬೋಳಿಸಲೇಬೇಕಾದರೆ ಹೊಸ ಬ್ಲೇಡು, ಒದ್ದೆ ಚರ್ಮ, ಕೂದಲು ಬೆಳೆಯುವ ದಿಕ್ಕಿಗೇ ಎಳೆಯಿರಿ. ಗಂಡನ ರೇಜರ್ ಅವನಿಗೇ ಇರಲಿ.